ಅಪಾರ್ಟ್‌ಮೆಂಟ್ ರಿಪೇರಿ: ಯಾವುದು ಮೊದಲು, ಯಾವುದು ಆಮೇಲೆ? ಲೆಕ್ಕ ಹಾಕಿ ತೀರ್ಮಾನಿಸುವ ದಾರಿ

ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಯಲ್ಲಿ ಕೂತವರಿಗೆಲ್ಲ ಈ ಮಾತುಗಳು ಗೊತ್ತು. "ಹೊರಗಿನ ಗೋಡೆ ನೋಡಿ ಸಾರ್, ಎಷ್ಟು ಕಪ್ಪಾಗಿದೆ. ಮೊದಲು ಪೇಂಟ್ ಮಾಡಿಸಿ." "ಪೇಂಟ್ ಇರಲಿ ಮೇಡಂ, ನಮ್ಮ ಬ್ಲಾಕಿನ ಲಿಫ್ಟ್ ವಾರಕ್ಕೊಂದು ಸಲ ನಿಲ್ಲುತ್ತಿದೆ." ಮೂರನೆಯವರಿಗೆ ಜಿಮ್‌ಗೆ ಹೊಸ ಟ್ರೆಡ್‌ಮಿಲ್ ಬೇಕು. ಕೊನೆಗೆ ಯಾರು ಜಾಸ್ತಿ ಹೊತ್ತು ಮಾತಾಡಿದರೋ ಅವರ ಕೆಲಸಕ್ಕೆ ದುಡ್ಡು ಸಿಗುತ್ತದೆ. ಬೇಸ್‌ಮೆಂಟಿನ ಚಾವಣಿಯೊಳಗೆ ತುಕ್ಕು ಹಿಡಿಯುತ್ತಿರುವ ಕಂಬಿಯ ಪರವಾಗಿ ಮಾತಾಡುವವರು ಆ ಸಭೆಯಲ್ಲಿ ಯಾರೂ ಇರುವುದಿಲ್ಲ.

ಈ ಲೇಖನ ಆ ಕಂಬಿಯ ಪರವಾಗಿ. ಯಾವ ರಿಪೇರಿ ಮೊದಲು ಎಂಬುದನ್ನು ಸಭೆಗೆ ಮುಂಚೆಯೇ ಕಾಗದದ ಮೇಲೆ ಲೆಕ್ಕ ಹಾಕಿ ಇಟ್ಟುಕೊಂಡರೆ, ಕಾಣದ ದೋಷಕ್ಕೂ ಕಾಣುವ ದೋಷದಷ್ಟೇ ನ್ಯಾಯ ಸಿಗುತ್ತದೆ. ಇದಕ್ಕೆ ಬಳಸುವ ವಿಧಾನಗಳು ಹೊಸವೇನಲ್ಲ. ವಿಮಾನ ಕಂಪನಿಗಳು, ದೊಡ್ಡ ವಿಶ್ವವಿದ್ಯಾಲಯಗಳು, ಆಸ್ಪತ್ರೆಗಳು ಹತ್ತಾರು ವರ್ಷಗಳಿಂದ ಬಳಸುತ್ತಿವೆ. ನಮಗೆ ಬೇಕಿರುವುದು ಒಂದು ಎಕ್ಸೆಲ್ ಶೀಟ್ ಮತ್ತು ಕೆಲವು ಭಾನುವಾರಗಳು, ಅಷ್ಟೇ.

ಉದ್ದಕ್ಕೂ ಒಂದು ಕಲ್ಪಿತ ಕಟ್ಟಡವನ್ನು ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿದೆ, 80 ಮನೆ, 12 ವರ್ಷ ಹಳೆಯದು. ಈ ವರ್ಷ ದೊಡ್ಡ ರಿಪೇರಿಗೆ ಇರುವ ಹಣ 40 ಲಕ್ಷ. ಇಲ್ಲಿನ ಬೆಲೆಗಳನ್ನು ಲೆಕ್ಕ ಅರ್ಥವಾಗಲೆಂದು ಹಾಕಿದ್ದೇನೆ. ನಿಮ್ಮ ಲೆಕ್ಕಕ್ಕೆ ನಿಮ್ಮ ಕೊಟೇಷನ್‌ಗಳನ್ನೇ ಬಳಸಿ.

ಹಂತ 1: ಕಟ್ಟಡದಲ್ಲಿ ಏನೇನಿದೆ ಎಂದು ಬರೆಯಿರಿ

ಟೆರೇಸಿನಿಂದ ಶುರು ಮಾಡಿ ಬೇಸ್‌ಮೆಂಟಿನವರೆಗೆ ಇಳಿಯಿರಿ. ಓವರ್‌ಹೆಡ್ ಟ್ಯಾಂಕ್, ಲಿಫ್ಟ್ ಮೆಷಿನ್ ರೂಮ್, ಸೋಲಾರ್, ಪೈಪ್ ಹೋಗುವ ಡಕ್ಟ್‌ಗಳು, ವಿದ್ಯುತ್ ಪ್ಯಾನೆಲ್, ಡಿಜಿ ಸೆಟ್ (ಡೀಸೆಲ್ ಜನರೇಟರ್), ಸಂಪು, ಬೋರ್‌ವೆಲ್, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ), ಫೈರ್ ಪಂಪ್ ಎಲ್ಲವೂ ಪಟ್ಟಿಗೆ ಬರಬೇಕು. ಒಂದೊಂದರ ಮುಂದೆ ಹಾಕಿದ ವರ್ಷ, ಕೊನೆಯ ಸರ್ವಿಸ್ ದಿನಾಂಕ, ಎಎಂಸಿ (ವಾರ್ಷಿಕ ನಿರ್ವಹಣೆಯ ಒಪ್ಪಂದ) ಯಾರದು, ಯಾವಾಗ ಮುಗಿಯುತ್ತದೆ, ಸರ್ಕಾರದ ಯಾವ ಪರವಾನಗಿ ಬೇಕು ಎಂದು ಬರೆಯಿರಿ. ಲಿಫ್ಟ್‌ಗೆ ವಿದ್ಯುತ್ ಪರಿವೀಕ್ಷಣಾಲಯ, ಎಸ್‌ಟಿಪಿಗೆ ಮಾಲಿನ್ಯ ನಿಯಂತ್ರಣ ಮಂಡಳಿ, ಹೀಗೆ.

ಸುತ್ತುವಾಗ ಪ್ಲಂಬರ್, ಎಲೆಕ್ಟ್ರಿಷಿಯನ್, ಸೂಪರ್‌ವೈಸರ್ ಜೊತೆಗಿರಲಿ. ನೆಲ ಒರೆಸುವ ಅಕ್ಕಂದಿರನ್ನೂ ಕೇಳಿ. ಮಳೆ ಬಂದಾಗ ಎಲ್ಲಿ ನೀರು ನಿಲ್ಲುತ್ತದೆ, ಯಾವ ಮೂಲೆ ಬೇಸಿಗೆಯಲ್ಲೂ ಒದ್ದೆಯಾಗಿರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಕಮಿಟಿಯವರಿಗೆ ಗೊತ್ತಿರುವುದಿಲ್ಲ. ಕಟ್ಟಡದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾಹಿತಿ ಬೇರೆಲ್ಲೂ ಸಿಗುವುದಿಲ್ಲ ಎಂದು ನಾನು ನಂಬಿದ್ದೇನೆ.

ನಿಮ್ಮ ಕಟ್ಟಡ ಹೊಸದಾಗಿದ್ದರೆ ಇಲ್ಲೇ ಒಂದು ಕ್ಷಣ ನಿಲ್ಲಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ಕೈಗೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದಲ್ಲಿ ಅಥವಾ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ಪುಕ್ಕಟೆಯಾಗಿ ಸರಿಪಡಿಸಬೇಕು. ಹಾಗಾಗಿ ಸಂಘದ ದುಡ್ಡು ಮುಟ್ಟುವ ಮುಂಚೆ ದೋಷಗಳ ಪಟ್ಟಿಯನ್ನು ಫೋಟೋ ಸಮೇತ ಬಿಲ್ಡರ್‌ಗೆ ಬರವಣಿಗೆಯಲ್ಲಿ ಕಳಿಸಿ. ನಾಲ್ಕೂವರೆ ವರ್ಷ ಆಗಿದ್ದರೆ ಈ ವಾರವೇ ಕಳಿಸಿ.

ಹಂತ 2: ಸ್ಥಿತಿಗೆ ಅಂಕ ಕೊಡಿ

"ಪರವಾಗಿಲ್ಲ", "ಸ್ವಲ್ಪ ಹಾಳಾಗಿದೆ" ಎಂಬ ಮಾತಿನಿಂದ ತೀರ್ಮಾನ ಆಗುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಕಟ್ಟಡಗಳ ಸ್ಥಿತಿ ಅಳೆಯಲು ಎನ್‌ಇಎನ್ 2767 ಎಂಬ ಮಾನದಂಡ ಇದೆ. ಅದರಲ್ಲಿ 1ರಿಂದ 6ರವರೆಗೆ ಅಂಕ. 1 ಎಂದರೆ ಹೊಸದರಂತಿದೆ, 6 ಎಂದರೆ ತೀರಾ ಕೆಟ್ಟಿದೆ. ಅಂಕ ಕೊಡುವ ಮುಂಚೆ ಮೂರು ಪ್ರಶ್ನೆ ಕೇಳುತ್ತಾರೆ. ದೋಷ ಎಷ್ಟು ಗಂಭೀರ? ಎಷ್ಟು ಜಾಗಕ್ಕೆ ಹರಡಿದೆ? ಈಗಷ್ಟೇ ಶುರುವಾಗಿದೆಯೋ, ಮುಂದುವರಿದಿದೆಯೋ?

ಈ ಮೂರು ಪ್ರಶ್ನೆಗಳನ್ನು ನಾವೂ ಹಾಗೇ ತೆಗೆದುಕೊಳ್ಳಬಹುದು. ಗೋಡೆಯ ಬಣ್ಣ ಇಡೀ ಕಟ್ಟಡದಲ್ಲಿ ಮಾಸಿದೆ, ಆದರೆ ಗಂಭೀರವಲ್ಲ. ಬೇಸ್‌ಮೆಂಟ್ ಬೀಮಿನಲ್ಲಿ ಒಂದೇ ಕಡೆ ಕಂಬಿ ಕಾಣುತ್ತಿದೆ, ಹರಡಿಲ್ಲ, ಆದರೆ ಗಂಭೀರ. ಬಾಯಿಮಾತಿನಲ್ಲಿ ಎರಡೂ "ಹಾಳಾಗಿದೆ" ಅಷ್ಟೇ. ಇಬ್ಬರು ಬೇರೆ ಬೇರೆಯಾಗಿ ಅಂಕ ಕೊಟ್ಟು ಆಮೇಲೆ ಹೋಲಿಸಿ. ಎರಡಕ್ಕಿಂತ ಜಾಸ್ತಿ ಅಂತರ ಬಂದರೆ ಇಬ್ಬರೂ ಒಟ್ಟಿಗೆ ಮತ್ತೆ ಹೋಗಿ ನೋಡಿ. ಪ್ರತಿ ಅಂಕಕ್ಕೂ ಒಂದು ಫೋಟೋ ಇರಲಿ. ಮುಂದಿನ ವರ್ಷ ಅದೇ ಜಾಗದಲ್ಲಿ ನಿಂತು ಇನ್ನೊಂದು ಫೋಟೋ ತೆಗೆದರೆ ಹಾಳಾಗುತ್ತಿರುವ ವೇಗ ತಿಳಿಯುತ್ತದೆ.

ಈ ಜಾಗದಲ್ಲಿ ದೊಡ್ಡ ಸಂಸ್ಥೆಗಳು ಇನ್ನೊಂದು ಲೆಕ್ಕ ಹಾಕುತ್ತವೆ. ಬಾಕಿ ಉಳಿದ ರಿಪೇರಿಯ ಒಟ್ಟು ವೆಚ್ಚವನ್ನು, ಕಟ್ಟಡವನ್ನು ಇವತ್ತು ಹೊಸದಾಗಿ ಕಟ್ಟುವ ವೆಚ್ಚದಿಂದ ಭಾಗಿಸುವುದು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ 1990ರ ದಶಕದ ಶುರುವಿನಿಂದ ಇದು ಬಳಕೆಯಲ್ಲಿದೆ. ಶೇ. 5ಕ್ಕಿಂತ ಕಡಿಮೆ ಇದ್ದರೆ ಚೆನ್ನಾಗಿದೆ, 5ರಿಂದ 10 ಸಾಧಾರಣ, 10ಕ್ಕಿಂತ ಮೇಲೆ ಕೆಟ್ಟದ್ದು. ನಮ್ಮ ಕಲ್ಪಿತ ಕಟ್ಟಡದಲ್ಲಿ ಬಾಕಿ ರಿಪೇರಿ 68 ಲಕ್ಷ, ಹೊಸದಾಗಿ ಕಟ್ಟಲು 40 ಕೋಟಿ ಎಂದಿಟ್ಟುಕೊಳ್ಳಿ. ಶೇ. 1.7 ಬರುತ್ತದೆ. ಅಂದರೆ ಕಟ್ಟಡ ಬಹಳ ಚೆನ್ನಾಗಿದೆ! ಆದರೆ ಅದೇ ಕಟ್ಟಡದಲ್ಲಿ ಫೈರ್ ಪಂಪ್ ಸ್ಟಾರ್ಟ್ ಆಗುತ್ತಿಲ್ಲ. ಹತ್ತಾರು ಶಾಲೆ, ಹಾಸ್ಟೆಲ್ ನೋಡಿಕೊಳ್ಳುವವರಿಗೆ ಯಾವ ಕಟ್ಟಡಕ್ಕೆ ಮೊದಲು ಗಮನ ಕೊಡಬೇಕು ಎಂದು ತಿಳಿಯಲು ಈ ಲೆಕ್ಕ ಒಳ್ಳೆಯದು. ಒಂದೇ ಕಟ್ಟಡ ಇರುವವರು ಇದನ್ನು ನಂಬಿ ನೆಮ್ಮದಿಯಾಗಿ ಕೂರಬಾರದು. ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ ಎಂದು ನೋಡಲು ಮಾತ್ರ ಇಟ್ಟುಕೊಳ್ಳಿ.

ಹಂತ 3: ಸದ್ದಿಲ್ಲದೆ ಕೆಟ್ಟಿರುವುದನ್ನು ಹುಡುಕಿ

ಲಿಫ್ಟ್ ನಿಂತರೆ ಐದು ನಿಮಿಷದಲ್ಲಿ ವಾಟ್ಸಾಪ್ ಗ್ರೂಪಿಗೆ ಗೊತ್ತಾಗುತ್ತದೆ. ಫೈರ್ ಪಂಪ್ ಕೆಟ್ಟರೆ? ಬೆಂಕಿ ಬೀಳುವವರೆಗೆ ಗೊತ್ತಾಗುವುದಿಲ್ಲ. ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಬ್ಯಾಟರಿ ಸತ್ತಿದ್ದರೆ, ಒಳಗೆ ಯಾರೋ ಸಿಕ್ಕಿಹಾಕಿಕೊಂಡಾಗಲೇ ತಿಳಿಯುವುದು. ಹೊಗೆ ಪತ್ತೆ ಮಾಡುವ ಡಿಟೆಕ್ಟರ್, ಸಂಪಿನ ಓವರ್‌ಫ್ಲೋ ಅಲಾರಂ, ಅರ್ತಿಂಗ್, ಮಿಂಚುರಕ್ಷಕ ಎಲ್ಲವೂ ಇದೇ ಜಾತಿ. ಇವುಗಳ ಮುಂದೆ ಕೆಂಪು ಗುರುತು ಹಾಕಿ. ಎಎಂಸಿ ಇದೆ ಎಂಬುದು ಸಾಲದು. ತಿಂಗಳಿಗೊಮ್ಮೆ ನಿಜವಾಗಿ ಚಾಲೂ ಮಾಡಿ ನೋಡಬೇಕು, ನೋಡಿದವರು ರಿಜಿಸ್ಟರ್‌ನಲ್ಲಿ ಸಹಿ ಹಾಕಬೇಕು.

ಈ ವಿಂಗಡಣೆ ಬಂದದ್ದು ವಿಮಾನಗಳಿಂದ. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಎಂಬ ಇಬ್ಬರು ಅಮೆರಿಕದ ರಕ್ಷಣಾ ಇಲಾಖೆಗಾಗಿ ಒಂದು ವರದಿ ಬರೆದರು. ವಯಸ್ಸಾದಂತೆ ಕೆಡುವ ಸಂಭವ ಹೆಚ್ಚುವುದು ಶೇ. 11ರಷ್ಟು ಬಿಡಿಭಾಗಗಳಲ್ಲಿ ಮಾತ್ರ ಎಂದು ಅದರಲ್ಲಿ ತೋರಿಸಿದರು. ಶೇ. 68ರಷ್ಟು ಭಾಗಗಳು ಹೊಸದಾಗಿ ಹಾಕಿದ ಶುರುವಿನಲ್ಲೇ ಕೆಡುವ ಸಂಭವ ಜಾಸ್ತಿ ಇತ್ತು. ಅಪಾರ್ಟ್‌ಮೆಂಟಿನ ಯಂತ್ರಗಳು ವಿಮಾನದ ಭಾಗಗಳಲ್ಲ, ಆ ಶೇಕಡಾ ಲೆಕ್ಕವನ್ನು ಹಾಗೇ ಇಲ್ಲಿ ತಂದಿಡಬಾರದು. ಆದರೂ ಪಾಠ ಸಿಗುತ್ತದೆ. "ಐದು ವರ್ಷ ಆಯಿತು, ಬದಲಾಯಿಸಿಬಿಡಿ" ಎಂದು ವೆಂಡರ್ ಹೇಳಿದರೆ ಯಾಕೆ ಎಂದು ಕೇಳಿ. ಮತ್ತೆ, ದೊಡ್ಡ ಸರ್ವಿಸ್ ಆದ ಮೇಲಿನ ಮೊದಲ ಕೆಲವು ವಾರ ಜಾಸ್ತಿ ಗಮನ ಇಡಿ.

ಪ್ರತಿ ವಸ್ತುವಿಗೂ ಒಂದು ನೀತಿ ಬರೆದಿಡಿ. ಮೆಟ್ಟಿಲಿನ ಬಲ್ಬು ಕೆಟ್ಟ ಮೇಲೆ ಬದಲಾಯಿಸಿದರೆ ಸಾಕು. ಟ್ಯಾಂಕ್ ತೊಳೆಯುವುದು ಕ್ಯಾಲೆಂಡರ್ ಪ್ರಕಾರ. ಲಿಫ್ಟಿನ ಉಕ್ಕಿನ ಹಗ್ಗ, ಡಿಜಿ ಬ್ಯಾಟರಿ, ಪಂಪಿನ ಬೇರಿಂಗ್ ಇವುಗಳನ್ನು ಪರೀಕ್ಷಿಸಿ ಸ್ಥಿತಿ ನೋಡಿ ಬದಲಾಯಿಸುವುದು. ಕೆಂಪು ಗುರುತಿನವನ್ನು ತಿಂಗಳಿಗೊಮ್ಮೆ ಚಾಲೂ ಮಾಡಿ ನೋಡುವುದು.

ಹಂತ 4: ಸೋರಿಕೆಯನ್ನು ಬೇರೆಯಾಗಿ ನೋಡಿ

ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ನಮ್ಮ ಕಟ್ಟಡಗಳಿಗೆ ನೀರಿಗಿಂತ ದೊಡ್ಡ ಶತ್ರು ಇಲ್ಲ.

ಒಳ್ಳೆಯ ಕಾಂಕ್ರೀಟ್ ಕ್ಷಾರೀಯವಾಗಿರುತ್ತದೆ, ಅದರ ಪಿಎಚ್ 12.5ರಿಂದ 13ರ ಆಸುಪಾಸು. ಆ ಕ್ಷಾರದೊಳಗೆ ಕಂಬಿಯ ಮೇಲೆ ತೆಳುವಾದ ರಕ್ಷಣೆಯ ಪದರ ಕೂತಿರುತ್ತದೆ, ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈ ಆಕ್ಸೈಡ್ ವರ್ಷಗಟ್ಟಲೆ ಒಳಗೆ ಇಳಿಯುತ್ತಾ ಆ ಕ್ಷಾರವನ್ನು ಕಡಿಮೆ ಮಾಡುತ್ತದೆ. ಪಿಎಚ್ ಸುಮಾರು 9ಕ್ಕೆ ಇಳಿದ ಮೇಲೆ ಆ ಪದರ ಉಳಿಯುವುದಿಲ್ಲ. ಆಮೇಲೆ ತೇವ ಸಿಕ್ಕರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ತಳ್ಳುತ್ತದೆ, ಬಿರುಕು ಬರುತ್ತದೆ, ಬಿರುಕಿನಿಂದ ಇನ್ನಷ್ಟು ನೀರು ಇಳಿಯುತ್ತದೆ. ಚಾವಣಿಯಿಂದ ಸಿಮೆಂಟಿನ ಚೂರು ಉದುರಿದಾಗ ಅದರ ಮೇಲೆ ಪ್ಲಾಸ್ಟರ್ ಮೆತ್ತಿ ಬಣ್ಣ ಬಳಿದರೆ, ನಮಗೆ ಕಾಣದ ಹಾಗೆ ಆಯಿತು ಅಷ್ಟೇ. ಒಳಗಿನ ತುಕ್ಕು ನಿಂತಿಲ್ಲ.

ಡಿ ಸಿಟ್ಟರ್ ಎಂಬ ಎಂಜಿನಿಯರ್ 1984ರಲ್ಲಿ ಕಾಂಕ್ರೀಟ್ ಕಟ್ಟಡಗಳಿಗೆ ಐದರ ನಿಯಮ ಎಂಬ ಅಂದಾಜು ಕೊಟ್ಟರು. ಕಟ್ಟುವಾಗ ಸರಿಯಾಗಿ ಮಾಡಲು 1 ರೂಪಾಯಿ ಬೇಕಿದ್ದರೆ, ದೋಷ ಶುರುವಾಗುವ ಮುಂಚಿನ ನಿರ್ವಹಣೆಗೆ 5, ಶುರುವಾದ ಮೇಲೆ ರಿಪೇರಿಗೆ 25, ಕೈಮೀರಿದ ಮೇಲೆ 125. ಇದು ಅಂದಾಜು ಮಾತ್ರ, ಪ್ರತಿ ಕಟ್ಟಡದಲ್ಲೂ ಹೀಗೇ ಆಗುತ್ತದೆ ಎಂದಲ್ಲ. ಆದರೆ ದಿಕ್ಕು ಸರಿಯಾಗಿದೆ. ಬಣ್ಣವನ್ನು ಎರಡು ವರ್ಷ ಮುಂದೂಡಿದರೆ ವೆಚ್ಚ ಸ್ವಲ್ಪ ಏರುತ್ತದೆ. ಪೋಡಿಯಂ ಸ್ಲ್ಯಾಬಿನ (ಬೇಸ್‌ಮೆಂಟ್ ಪಾರ್ಕಿಂಗ್ ಮೇಲಿನ ಕಾಂಕ್ರೀಟ್ ಚಾವಣಿಯ) ಸೋರಿಕೆಯನ್ನು ಮುಂದೂಡಿದರೆ ಕೆಲಸವೇ ಬೇರೆಯಾಗಿಬಿಡುತ್ತದೆ.

ಅಮೆರಿಕದ ಫ್ಲಾರಿಡಾದಲ್ಲಿ, ಮಯಾಮಿ ಪಕ್ಕದ ಸರ್ಫ್‌ಸೈಡ್‌ನಲ್ಲಿ ಶಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಯ ಕಟ್ಟಡವಿತ್ತು. 1981ರದ್ದು. ನಮ್ಮ ಹಾಗೇ ಮನೆ ಮಾಲೀಕರ ಸಂಘವೇ ನೋಡಿಕೊಳ್ಳುತ್ತಿತ್ತು. 2018ರಲ್ಲಿ ಎಂಜಿನಿಯರ್ ಒಬ್ಬರು ವರದಿ ಕೊಟ್ಟರು. ಈಜುಕೊಳದ ಸುತ್ತಲಿನ ಸ್ಲ್ಯಾಬಿನ ವಾಟರ್‌ಪ್ರೂಫಿಂಗ್ ಕೆಟ್ಟಿದೆ, ಇಳಿಜಾರು ಇಲ್ಲದೆ ಮಟ್ಟಸವಾಗಿ ಹಾಕಿರುವುದರಿಂದ ನೀರು ನಿಲ್ಲುತ್ತಿದೆ, ಕೆಳಗಿನ ಕಾಂಕ್ರೀಟ್ ಹಾಳಾಗುತ್ತಿದೆ ಎಂದು ಅದರಲ್ಲಿತ್ತು. ಆಗಿನ ಅಂದಾಜು 90 ಲಕ್ಷ ಡಾಲರ್‌ಗೂ ಮೇಲೆ. ಮಾಲೀಕರ ನಡುವೆ ಚರ್ಚೆ, ಜಗಳ, ಕಮಿಟಿಯವರ ರಾಜೀನಾಮೆ ನಡೆದವು. 2021ರ ಹೊತ್ತಿಗೆ ಕೆಲಸದ ವೆಚ್ಚ ಸುಮಾರು ಒಂದೂವರೆ ಕೋಟಿ ಡಾಲರ್ ಆಗಿತ್ತು. ಆ ವರ್ಷ ಜೂನ್ 24ರ ನಡುರಾತ್ರಿ ಕಳೆದ ಮೇಲೆ ಕಟ್ಟಡದ ದೊಡ್ಡ ಭಾಗ ಕುಸಿಯಿತು. 98 ಜನ ಸತ್ತರು. ಕುಸಿತಕ್ಕೆ ಸೋರಿಕೆ ಒಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಎಚ್ಚರಿಕೆ ಕೈಯಲ್ಲಿದ್ದೂ ಸಂಘವೊಂದು ಮೂರು ವರ್ಷ ಹೇಗೆ ಕಳೆಯಬಹುದು ಎಂಬುದು ಅಲ್ಲಿ ಕಾಣುತ್ತದೆ. 2022ರಲ್ಲಿ ಫ್ಲಾರಿಡಾ ಕಾನೂನು ತಂದು, ಹಳೆಯ ಎತ್ತರದ ಕಟ್ಟಡಗಳಿಗೆ ಎಂಜಿನಿಯರ್ ತಪಾಸಣೆಯನ್ನೂ ರಚನೆಯ ರಿಪೇರಿಗಾಗಿ ಹಣ ತೆಗೆದಿಡುವುದನ್ನೂ ಕಡ್ಡಾಯ ಮಾಡಿತು.

ನಮ್ಮಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಮೇಲೆ ಪೋಡಿಯಂ, ಅದರ ಮೇಲೆ ತೋಟ, ಮಕ್ಕಳ ಆಟದ ಜಾಗ ಇರುವ ಕಟ್ಟಡಗಳು ಎಷ್ಟಿಲ್ಲ? ಇವತ್ತು ಸಂಜೆ ಪಾರ್ಕಿಂಗಿನಲ್ಲಿ ತಲೆ ಎತ್ತಿ ನೋಡಿ. ಬಿಳಿ ಉಪ್ಪಿನ ಗೆರೆ, ಕಂದು ಕಲೆ, ಕಾರಿನ ಮೇಲೆ ಬೀಳದಿರಲೆಂದು ಕಟ್ಟಿದ ಪ್ಲಾಸ್ಟಿಕ್ ಶೀಟ್ ಕಂಡರೆ ಫೋಟೋ ತೆಗೆದು ಪಟ್ಟಿಗೆ ಸೇರಿಸಿ.

ಹಂತ 5: ಪರೀಕ್ಷೆಗೆ ದುಡ್ಡು ಹಾಕಬೇಕೇ?

ಪರೀಕ್ಷೆ ಮಾಡಿಸುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಫಲಿತಾಂಶ ಹೀಗೆ ಬಂದರೆ ಏನು ಮಾಡುತ್ತೇವೆ, ಹಾಗೆ ಬಂದರೆ ಏನು ಮಾಡುತ್ತೇವೆ? ಎರಡಕ್ಕೂ ಉತ್ತರ ಒಂದೇ ಆದರೆ ಪರೀಕ್ಷೆ ಬೇಡ. ಟೆರೇಸ್ ಸೋರುತ್ತಿರುವುದು ಕಣ್ಣಿಗೇ ಕಾಣುತ್ತಿದ್ದರೆ, ಸೋರುತ್ತಿದೆ ಎಂದು ಸಾಬೀತು ಮಾಡಲು ದುಡ್ಡು ಕೊಡುವುದು ದಂಡ. ಆದರೆ ಕಂಬಿ ಎಷ್ಟು ತುಕ್ಕು ಹಿಡಿದಿದೆ ಎಂಬುದರ ಮೇಲೆ ಕೆಲಸ 8 ಲಕ್ಷದ್ದೋ 22 ಲಕ್ಷದ್ದೋ ಎಂಬುದು ನಿಂತಿದ್ದರೆ, ಒಂದೂವರೆ ಲಕ್ಷದ ಪರೀಕ್ಷೆ ಅಗ್ಗ.

ಕೆಲವು ಪರೀಕ್ಷೆಗಳ ಹೆಸರು ಗೊತ್ತಿರಲಿ, ಕೊಟೇಷನ್ ಓದಲು ಸುಲಭ. ರೀಬೌಂಡ್ ಹ್ಯಾಮರ್ ಕಾಂಕ್ರೀಟಿನ ಮೇಲ್ಮೈ ಗಟ್ಟಿತನ ತೋರಿಸುತ್ತದೆ. ಅಲ್ಟ್ರಾಸಾನಿಕ್ ಪರೀಕ್ಷೆ ಒಳಗಿನ ಬಿರುಕು, ಟೊಳ್ಳು ತೋರಿಸುತ್ತದೆ. ಫೀನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸಿದಾಗ ಕ್ಷಾರ ಉಳಿದ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕ್ಷಾರ ಕಳೆದುಕೊಂಡ ಭಾಗ ಬಣ್ಣ ಬದಲಿಸುವುದಿಲ್ಲ. ಕಂಬಿಯ ವಿದ್ಯುತ್ ವಿಭವ ಅಳೆಯುವ ಹಾಫ್ ಸೆಲ್ ಪರೀಕ್ಷೆಯಲ್ಲಿ ಮೈನಸ್ 350 ಮಿಲಿವೋಲ್ಟ್‌ಗಿಂತಲೂ ಕೆಳಗೆ ಬಂದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಂಭವ ಶೇ. 90ಕ್ಕಿಂತ ಜಾಸ್ತಿ ಎಂದು ಹಿಡಿಯುತ್ತಾರೆ. ಒಂದೇ ಪರೀಕ್ಷೆಯ ಮೇಲೆ ತೀರ್ಮಾನ ಬೇಡ. ಪರೀಕ್ಷೆ ಮಾಡುವವರೂ ರಿಪೇರಿ ಮಾಡುವವರೂ ಒಬ್ಬರೇ ಆಗದಂತೆ ನೋಡಿಕೊಳ್ಳಿ. ಇದರಲ್ಲಿ ರಾಜಿ ಬೇಡ.

ಹಂತ 6: ತೂಕ ಮೊದಲು, ಕೆಲಸಗಳ ಪಟ್ಟಿ ಆಮೇಲೆ

ಈಗ ಹೋಲಿಕೆ. ನಾಲ್ಕು ಅಳತೆಗೋಲು ಸಾಕು: ಜೀವಕ್ಕೆ ಅಪಾಯ, ಅಗತ್ಯ ಸೇವೆ ಅಥವಾ ಪರವಾನಗಿ ನಿಲ್ಲುವ ಸಂಭವ, ತಡ ಮಾಡಿದರೆ ಹಾನಿ ಬೆಳೆಯುವ ವೇಗ, ನಿವಾಸಿಗಳ ಅನುಕೂಲ. ಪ್ರತಿ ಕಮಿಟಿ ಸದಸ್ಯರಿಗೂ ಒಂದು ಚೀಟಿ ಕೊಟ್ಟು, 100 ಅಂಕವನ್ನು ಈ ನಾಲ್ಕಕ್ಕೂ ಹಂಚಲು ಹೇಳಿ. ಯಾರೂ ಯಾರನ್ನೂ ಕೇಳಬಾರದು. ಪ್ರತಿ ಅಳತೆಗೋಲಿಗೆ ಬಂದ ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವೆ ಬೀಳುವ ಅಂಕ ತೆಗೆದುಕೊಂಡು, ಒಟ್ಟು 100 ಬರುವಂತೆ ಸರಿಮಾಡಿ.

ಇದನ್ನು ಕೆಲಸಗಳ ಪಟ್ಟಿ ಮುಂದಿಡುವ ಮುಂಚೆಯೇ ಮಾಡಬೇಕು. ಪಟ್ಟಿ ನೋಡಿದ ಮೇಲೆ ತೂಕ ಕೇಳಿದರೆ, ತಮ್ಮ ಇಷ್ಟದ ಕೆಲಸ ಮೇಲೆ ಬರುವಂತೆ ಅಂಕ ಹಂಚುವುದು ಮನುಷ್ಯ ಸಹಜ. ಇನ್ನೂ ಆಳವಾಗಿ ಮಾಡಬೇಕು ಎನ್ನುವವರಿಗೆ ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಎಎಚ್‌ಪಿ ವಿಧಾನ ಇದೆ. ಎರಡೆರಡು ಅಳತೆಗೋಲನ್ನು ಎದುರುಬದುರು ಇಟ್ಟು, ಯಾವುದು ಎಷ್ಟು ಪಾಲು ಮುಖ್ಯ ಎಂದು 1ರಿಂದ 9ರವರೆಗೆ ಹೇಳುವುದು. ನಾಲ್ಕು ಅಳತೆಗೋಲಿಗೆ ಆರು ಜೋಡಿ. ನಮ್ಮ ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದೂ ಅದು ಪರೀಕ್ಷಿಸುತ್ತದೆ. ಅಪಾರ್ಟ್‌ಮೆಂಟಿಗೆ ಚೀಟಿಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಎಲ್ಲರಿಗೂ ಅರ್ಥವಾಗುವ ವಿಧಾನವನ್ನು ಜನ ಒಪ್ಪಿಕೊಳ್ಳುತ್ತಾರೆ.

ತೂಕ ಹೀಗೆ ಬಂತು ಎಂದುಕೊಳ್ಳಿ: ಜೀವಾಪಾಯ 40, ಸೇವೆ 25, ಹಾನಿಯ ವೇಗ 20, ಅನುಕೂಲ 15. ಪ್ರತಿ ಕೆಲಸಕ್ಕೂ ಪ್ರತಿ ಅಳತೆಗೋಲಿನಲ್ಲಿ 1ರಿಂದ 5 ಅಂಕ (5 ಎಂದರೆ ಅತಿ ಹೆಚ್ಚು) ಕೊಟ್ಟು, ತೂಕದಿಂದ ಗುಣಿಸಿ ಕೂಡಿಸಿ. ಕೆಳಗಿನ ಅಂಕಗಳು ಇದೇ ಕ್ರಮದಲ್ಲಿವೆ.

- ಪೋಡಿಯಂ ವಾಟರ್‌ಪ್ರೂಫಿಂಗ್, 22 ಲಕ್ಷ. ಅಂಕ 4, 2, 5, 3. ಒಟ್ಟು 355.
- ಲಿಫ್ಟ್ ಕಂಟ್ರೋಲರ್ (ಲಿಫ್ಟಿನ ಓಟವನ್ನು ನಿಯಂತ್ರಿಸುವ ಸಾಧನ), 12 ಲಕ್ಷ. ಅಂಕ 3, 5, 2, 5. ಒಟ್ಟು 360.
- ಎಸ್‌ಟಿಪಿ ಬ್ಲೋವರ್‌ಗಳು (ಕೊಳಚೆ ನೀರಿಗೆ ಗಾಳಿ ಊದುವ ಯಂತ್ರಗಳು), 6 ಲಕ್ಷ. ಅಂಕ 2, 5, 3, 3. ಒಟ್ಟು 310.
- ಹೊರಗಿನ ಪೇಂಟ್, 25 ಲಕ್ಷ. ಅಂಕ 1, 1, 3, 3. ಒಟ್ಟು 170.
- ಜಿಮ್, 8 ಲಕ್ಷ. ಅಂಕ 1, 1, 1, 4. ಒಟ್ಟು 145.

ಫೈರ್ ಪಂಪ್ ಎಲ್ಲಿ? ಅದರ 3 ಲಕ್ಷದ ಕೆಲಸ ಈ ಸ್ಪರ್ಧೆಯಲ್ಲೇ ಇಲ್ಲ. ಜೀವ ಉಳಿಸಲೆಂದೇ ಇರುವ ಸಾಧನ ಕೆಟ್ಟಿದ್ದರೆ, ಕಾನೂನು ಉಲ್ಲಂಘನೆ ನಡೆಯುತ್ತಿದ್ದರೆ, ಅದಕ್ಕೆ ಅಂಕ ಹಾಕಬಾರದು. ಮೊದಲು ಅದಕ್ಕೆ ಹಣ ತೆಗೆದಿಟ್ಟು, ಉಳಿದದ್ದರಲ್ಲಿ ಲೆಕ್ಕ. ಅಂಕ ಹಾಕಿದರೆ ಯಾವತ್ತೋ ಒಂದು ದಿನ ಅನುಕೂಲದ ಅಂಕ ಸೇರಿಸಿ ಸೇರಿಸಿ ಬೇರೊಂದು ಕೆಲಸ ಅದನ್ನು ಹಿಂದೆ ಹಾಕಬಹುದು.

ಹಂತ 7: ತೂಕ ಅಲುಗಾಡಿಸಿ ನೋಡಿ

ಲಿಫ್ಟ್ 360, ಪೋಡಿಯಂ 355. ಹಾಗಾದರೆ ಲಿಫ್ಟೇ ಮೊದಲಾ? ಐದು ಅಂಕದ ಅಂತರಕ್ಕೆ ಅರ್ಥವಿಲ್ಲ. ಹಾನಿಯ ವೇಗಕ್ಕೆ 30, ಅನುಕೂಲಕ್ಕೆ 5 ಎಂದು ಬದಲಿಸಿ. ಪೋಡಿಯಂ 375, ಲಿಫ್ಟ್ 330. ಅಡಿಮೇಲಾಯಿತು. ಬದಲಿಗೆ ಮೊದಲಿನ ತೂಕದಲ್ಲಿ ಜೀವಾಪಾಯ 30, ಸೇವೆ 35 ಎಂದು ಮಾಡಿ. ಲಿಫ್ಟ್ 380, ಎಸ್‌ಟಿಪಿ 340, ಪೋಡಿಯಂ 335.

ಇದರಿಂದ ನಿಜವಾಗಿ ತಿಳಿಯುವುದು ಬೇರೆ. ಈ ಮೂರು ಲೆಕ್ಕದಲ್ಲೂ ಮೇಲಿನ ಮೂರು ಅದೇ ಮೂರು. ಪೇಂಟ್ ಮತ್ತು ಜಿಮ್ ಒಂದರಲ್ಲೂ ಮೇಲೆ ಬರಲಿಲ್ಲ. ಸಭೆಯಲ್ಲಿ ಗಟ್ಟಿಯಾಗಿ ಹೇಳಬಹುದಾದ ಮಾತು ಅದು. ಆ ಮೂರರ ಒಳಗಿನ ಕ್ರಮವನ್ನು ಅಂಕದಿಂದ ತೀರ್ಮಾನಿಸಬೇಡಿ, ಬೇರೆ ವಿಷಯ ನೋಡಿ. ಇಲ್ಲಿ ಆ ವಿಷಯ ಮಳೆ. ಬೆಂಗಳೂರಿನಲ್ಲಿ ವಾಟರ್‌ಪ್ರೂಫಿಂಗ್‌ಗೆ ಒಣ ದಿನ ಸಿಗುವುದು ಜನವರಿಯಿಂದ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ ಶುರುವಾದರೆ ಅಕ್ಟೋಬರ್ ಕಳೆಯುವವರೆಗೆ ನಂಬುವ ಹಾಗಿಲ್ಲ. ಕೆಲಸ ಮುಗಿದ ಮೇಲೆ ನೀರು ಕಟ್ಟಿ 48 ಗಂಟೆ ನಿಲ್ಲಿಸಿ ಕೆಳಗೆ ನೋಡಲೂ ಸಮಯ ಬೇಕು. ಹಾಗಾಗಿ ಪೋಡಿಯಂ ಮೊದಲು. ಲಿಫ್ಟ್ ಕಂಟ್ರೋಲರ್ ಆರ್ಡರ್ ಕೊಟ್ಟು ಬರುವಷ್ಟರಲ್ಲಿ ಇದು ಮುಗಿದಿರುತ್ತದೆ.

ಹಂತ 8: ದುಡ್ಡಿನ ಲೆಕ್ಕದಲ್ಲಿ ಎರಡು ಬಲೆ

ಮೊದಲನೆಯದು, "ಒಂದು ಲಕ್ಷಕ್ಕೆ ಎಷ್ಟು ಅಂಕ ಸಿಗುತ್ತದೆ" ಎಂಬ ಭಾಗಾಕಾರ. ಕೇಳಲು ಬಹಳ ಸರಿ ಅನಿಸುತ್ತದೆ, ಅಲ್ವಾ? ಮಾಡಿ ನೋಡಿ. ಎಸ್‌ಟಿಪಿ 51.7, ಲಿಫ್ಟ್ 30, ಜಿಮ್ 18.1, ಪೋಡಿಯಂ 16.1, ಪೇಂಟ್ 6.8. ಜಿಮ್ ಪೋಡಿಯಮನ್ನು ಹಿಂದೆ ಹಾಕಿತು! ಫೈರ್ ಪಂಪಿನ 3 ಲಕ್ಷ ಕಳೆದು 37 ಲಕ್ಷದಲ್ಲಿ ಈ ಕ್ರಮದಲ್ಲೇ ಖರ್ಚು ಮಾಡುತ್ತಾ ಹೋದರೆ, ಜಿಮ್ ಮುಗಿಯುವ ಹೊತ್ತಿಗೆ 11 ಲಕ್ಷ ಉಳಿಯುತ್ತದೆ. 22 ಲಕ್ಷದ ಸ್ಲ್ಯಾಬ್ ಮುಂದಿನ ವರ್ಷಕ್ಕೆ ಹೋಗುತ್ತದೆ. ಮುಂದಿನ ವರ್ಷವೂ ಹೀಗೇ ಆಗುತ್ತದೆ. ದೊಡ್ಡ, ಗಂಭೀರ ಕೆಲಸವನ್ನು ಸಣ್ಣ ಸಣ್ಣ ಕೆಲಸಗಳು ನುಂಗುವುದು ಈ ದಾರಿಯಲ್ಲಿ. ಹೆಚ್ಚು ಅಂಕದ ಗುಂಪನ್ನು ಮೊದಲು ಆರಿಸಿ, ಈ ಭಾಗಾಕಾರವನ್ನು ಕೆಳಗಿನ ಗುಂಪಿಗೆ ಮಾತ್ರ ಬಳಸಿ.

ನಮ್ಮ ಕಟ್ಟಡದಲ್ಲಿ ಫೈರ್ ಪಂಪ್, ಪೋಡಿಯಂ, ಲಿಫ್ಟ್, ಎಸ್‌ಟಿಪಿ ಸೇರಿ 43 ಲಕ್ಷ. ಇರುವ 40 ಲಕ್ಷಕ್ಕೆ ಮೂರು ಲಕ್ಷ ಕಡಿಮೆ ಬೀಳುತ್ತದೆ. 80 ಮನೆಗೆ ಹಂಚಿದರೆ ಮನೆಗೆ 3,750 ರೂಪಾಯಿ. ಈ ಒಂದು ಅಂಕಿಯನ್ನು ಸಭೆಯ ಮುಂದಿಟ್ಟು, ಕೊಡುತ್ತೀರಾ ಅಥವಾ ಒಂದು ಬ್ಲೋವರ್ ಈ ವರ್ಷ, ಇನ್ನೊಂದು ಮುಂದಿನ ವರ್ಷ ಮಾಡೋಣವಾ ಎಂದು ಕೇಳಿ. ಹೌದು, ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಅದು.

ಎರಡನೆಯ ಬಲೆ, ಕೊಂಡುಕೊಳ್ಳುವ ಬೆಲೆ ಮಾತ್ರ ನೋಡುವುದು. ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಪಂಪ್ ತೆಗೆದುಕೊಳ್ಳಿ. ಒಂದಕ್ಕೆ 60,000 ರೂಪಾಯಿ, 6.5 ಕಿಲೋವ್ಯಾಟ್ ಎಳೆಯುತ್ತದೆ. ಇನ್ನೊಂದಕ್ಕೆ 95,000, ಅಷ್ಟೇ ನೀರೆತ್ತಲು 5.2 ಕಿಲೋವ್ಯಾಟ್. ದಿನಕ್ಕೆ 6 ಗಂಟೆ ಓಡಿದರೆ ವರ್ಷಕ್ಕೆ 2,190 ಗಂಟೆ. ಉಳಿಯುವುದು 2,847 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 22,776 ರೂಪಾಯಿ. ಜಾಸ್ತಿ ಕೊಟ್ಟ 35,000 ಸುಮಾರು ಒಂದೂವರೆ ವರ್ಷದಲ್ಲಿ ವಾಪಸ್. ದಿನಾ ಗಂಟೆಗಟ್ಟಲೆ ಓಡುವ ಯಂತ್ರಕ್ಕೆಲ್ಲ ಹೀಗೆ ಲೆಕ್ಕ ಹಾಕಿ. ವರ್ಷದಲ್ಲಿ ಹತ್ತಾರು ಗಂಟೆ ಮಾತ್ರ ಓಡುವ ಡಿಜಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿ ಬೇಕಾದಾಗ ಸ್ಟಾರ್ಟ್ ಆಗುವುದು ಮುಖ್ಯ.

ಹಂತ 9: ನಾಳೆಯ ಹಣ ಇವತ್ತೇ

ಎರಡು ಲಿಫ್ಟ್‌ಗಳನ್ನು 8 ವರ್ಷದ ನಂತರ ಪೂರ್ತಿ ಬದಲಾಯಿಸಬೇಕು, ಇವತ್ತಿನ ಬೆಲೆ 40 ಲಕ್ಷ ಎಂದುಕೊಳ್ಳಿ. ಬೆಲೆ ವರ್ಷಕ್ಕೆ ಶೇ. 6ರಂತೆ ಏರಿದರೆ ಆಗ ಸುಮಾರು 64 ಲಕ್ಷ. ಅಷ್ಟನ್ನು ಒಮ್ಮೆಗೇ ಕೇಳಿದರೆ ಮನೆಗೆ 80,000 ರೂಪಾಯಿ, ನಿವೃತ್ತಿಯಾದವರ ಕೈಲಿ ಆಗುವ ಮಾತಲ್ಲ. ಕೂಡಿಟ್ಟ ಹಣಕ್ಕೂ ಅಷ್ಟೇ ಬಡ್ಡಿ ಸಿಗುತ್ತದೆ ಎಂದಿಟ್ಟುಕೊಂಡು ಈಗಿನಿಂದಲೇ ತೆಗೆದಿಟ್ಟರೆ ಮನೆಗೆ ತಿಂಗಳಿಗೆ ಸುಮಾರು 520 ರೂಪಾಯಿ, ವರ್ಷಕ್ಕೊಮ್ಮೆ ಶೇ. 6 ಏರಿಸುತ್ತಾ ಹೋದರೆ ಸಾಕು. ಪಟ್ಟಿಯ ಪ್ರತಿ ದೊಡ್ಡ ವಸ್ತುವಿಗೂ ಹೀಗೆ ಮಾಡಿ ಕೂಡಿಸಿದರೆ ಸಿಂಕಿಂಗ್ ಫಂಡ್‌ಗೆ (ಮುಂದಿನ ದೊಡ್ಡ ಖರ್ಚಿಗೆ ಕೂಡಿಡುವ ನಿಧಿಗೆ) ತಿಂಗಳಿಗೆ ಎಷ್ಟು ಬೇಕು ಎಂಬುದು ತಾನಾಗಿಯೇ ಬರುತ್ತದೆ. ಈ ಹಣ ಬೇರೆ ಖಾತೆಯಲ್ಲಿರಲಿ. ತಿಂಗಳ ಸೆಕ್ಯುರಿಟಿ ಬಿಲ್ಲಿಗೆ ಅದನ್ನು ಮುಟ್ಟಬಾರದು. ಇವತ್ತು ಮನೆಯಲ್ಲಿ ಇರುವವರು ಲಿಫ್ಟನ್ನು ಸವೆಸುತ್ತಿದ್ದಾರೆ, ಅದರ ಪಾಲು ಅವರೇ ಕೊಡುವುದು ನ್ಯಾಯ. ಎಂಟು ವರ್ಷದ ನಂತರ ಮನೆ ಕೊಂಡು ಬರುವವರ ತಲೆಗೆ ಕಟ್ಟಬಾರದು.

ಹಂತ 10: ಸಭೆಗೆ ಒಯ್ಯುವುದು, ಬರೆದಿಡುವುದು

ಸಭೆಗೆ ಹತ್ತು ದಿನ ಮುಂಚೆ ಎರಡು ಪುಟ ಕಳಿಸಿ. ಮೊದಲ ಪುಟದಲ್ಲಿ ಅಂಕಪಟ್ಟಿ, ಎರಡನೆಯದರಲ್ಲಿ ಫೋಟೋಗಳು. ಅದೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಎರಡರಲ್ಲೂ ಇರಲಿ. ಮನೆಯ ಹಿರಿಯರೂ ಓದುತ್ತಾರೆ. ಸಭೆಯಲ್ಲಿ ಯಾರಾದರೂ ಪೇಂಟ್ ಮೊದಲು ಎಂದರೆ ವಾದ ಬೇಡ. "ಯಾವ ಅಂಕ ತಪ್ಪಾಗಿದೆ ಹೇಳಿ ಸಾರ್, ಇಲ್ಲೇ ಬದಲಿಸಿ ಲೆಕ್ಕ ಹಾಕೋಣ" ಎಂದು ಶೀಟನ್ನು ಪರದೆಯ ಮೇಲೆ ತೆರೆಯಿರಿ. ಕೆಲವು ಸಲ ಅವರ ಮಾತೇ ಸರಿಯಾಗಿರುತ್ತದೆ. ಹೊರಗೋಡೆಯ ಬಿರುಕಿನಿಂದ ಅವರ ಮಲಗುವ ಕೋಣೆಗೆ ನೀರು ಇಳಿಯುತ್ತಿರಬಹುದು, ಸಮೀಕ್ಷೆಯಲ್ಲಿ ನಿಮಗೆ ಅದು ಕಂಡಿರಲಿಕ್ಕಿಲ್ಲ. ಆಗ ಅಂಕ ಬದಲಾಗಲೇಬೇಕು.

ಮುಂದೂಡಿದ ಕೆಲಸಗಳ ಪಕ್ಕದಲ್ಲಿ, ಏನಾದರೆ ಮತ್ತೆ ತೆರೆಯುತ್ತೇವೆ ಎಂದು ಬರೆಯಿರಿ. ಉದಾಹರಣೆಗೆ ಪೇಂಟಿನ ಮುಂದೆ, "ಹೊರಗೋಡೆಯಿಂದ ನೀರು ಇಳಿಯುವ ದೂರು ಮೂರು ಮನೆಯಿಂದ ಬಂದರೆ, ಅಥವಾ ಪ್ಲಾಸ್ಟರ್ ಕೆಳಗೆ ಬಿದ್ದರೆ, ವಾರದೊಳಗೆ ಎಂಜಿನಿಯರ್ ಕರೆಸುವುದು." ಸೋರಿಕೆ ನಿಂತ ಜಾಗಗಳನ್ನು ಮಳೆಗಾಲ ಶುರುವಾದ ಮೇಲೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೋಗಿ ನೋಡಿ ಅಂಕ ಬದಲಿಸಿ.

ಕಮಿಟಿ ಬದಲಾಗುವಾಗ ಹಸ್ತಾಂತರವಾಗಬೇಕಾದ ಫೈಲಿನಲ್ಲಿ ಇವಿಷ್ಟು ಇರಲಿ: ವಸ್ತುಗಳ ಪಟ್ಟಿ, ಎರಡು ವರ್ಷದ ಫೋಟೋಗಳು, ತೂಕದ ಚೀಟಿಗಳು, ಅಂಕಪಟ್ಟಿ, ಪರೀಕ್ಷಾ ವರದಿಗಳು, ವಾರಂಟಿ ಪತ್ರಗಳು, ಪರವಾನಗಿಗಳ ಕೊನೆಯ ದಿನಾಂಕ, ಮತ್ತು ಮುಂದೂಡಿದ ಕೆಲಸಗಳ ಪಟ್ಟಿ. ಕಾಗದದ ಪ್ರತಿ ಸಂಘದ ಕಚೇರಿಯಲ್ಲಿ, ಇನ್ನೊಂದು ಸಂಘದ ಹೆಸರಿನ ಇಮೇಲ್ ಖಾತೆಯಲ್ಲಿ. ಯಾವುದೇ ಸದಸ್ಯರ ಸ್ವಂತ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಡಬೇಡಿ.